ಶೀಟಿನಲ್ಲಿ ಸರಿ, ಸಿಎಸ್‌ವಿಯಲ್ಲಿ ತಪ್ಪು: ಸೆಲ್ ಫಾರ್ಮ್ಯಾಟ್‌ನಿಂದ ಎಕ್ಸ್‌ಪೋರ್ಟ್ ಕೆಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಮೇಲ್‌ನಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳು ಎಕ್ಸೆಲ್ ಬಗ್ಗೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್ ಬೇರೆ ರೀತಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ಮೊದಲ ಎರಡನ್ನು ಮಾತ್ರ ಬಿಡಬೇಡಿ. ಉಳಿದ ಅರ್ಧದಷ್ಟು ಸಮಸ್ಯೆಗಳ ಬೇರು ಅಲ್ಲೇ ಇದೆ.

## ಮೊದಲಿಗೆ

ಶೀಟಿನಲ್ಲಿ ಎಲ್ಲಾ ಸರಿಯಾಗೇ ಕಾಣ್ತದೆ, ಸಿಎಸ್‌ವಿ ಮಾಡಿದ ಮೇಲೆ ಬೇರೆಯೇ ಬರ್ತದೆ. ಯಾಕೆ ಹೀಗೆ?

ಒಂದೊಂದು ಸೆಲ್‌ನಲ್ಲೂ ಎರಡು ಸಂಗತಿಗಳಿರುತ್ತವೆ: ಒಳಗಿರುವ ಮೌಲ್ಯ, ಮೇಲೆ ಕಾಣುವ ರೂಪ. ಸೆಲ್ ಒಳಗೆ 0.1256 ಇದ್ದು, ಅದಕ್ಕೆ ದಶಮಾಂಶವಿಲ್ಲದ ಪರ್ಸೆಂಟೇಜ್ ಫಾರ್ಮ್ಯಾಟ್ ಕೊಟ್ಟರೆ ಕಣ್ಣಿಗೆ ಕಾಣುವುದು 13%. ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ, ಬರೀ ಅಕ್ಷರಗಳ ಕಡತ. ಅದರಲ್ಲಿ ಎರಡಕ್ಕೂ ಜಾಗವಿಲ್ಲ, ಯಾವುದಾದರೂ ಒಂದನ್ನೇ ಬರೆಯಬೇಕು. ಎಕ್ಸೆಲ್ ಬರೆಯುವುದು ಕಾಣುವ ರೂಪವನ್ನು. ಹಾಗಾಗಿ ಕಡತಕ್ಕೆ ಹೋಗುವುದು 13%, ಆ 0.1256 ಅಲ್ಲಿಗೆ ಮುಗಿಯಿತು. ಗೂಗಲ್ ಶೀಟ್ಸ್ ಕೂಡ ಸಿಎಸ್‌ವಿ ಡೌನ್‌ಲೋಡ್‌ನಲ್ಲಿ ಕಾಣುವುದನ್ನೇ ಕೊಡುತ್ತದೆ. ಕ್ಯಾಲ್ಕ್ ಮಾತ್ರ ನಮ್ಮನ್ನು ಕೇಳುತ್ತದೆ: ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಸೇವ್ ಸೆಲ್ ಕಂಟೆಂಟ್ ಆ್ಯಸ್ ಶೋನ್’ ಎಂಬ ಟಿಕ್ ಇರುತ್ತದೆ. ಅದನ್ನು ತೆಗೆದರೆ ಒಳಗಿನ ಸಂಖ್ಯೆ ಪೂರ್ತಿ ಬರುತ್ತದೆ. ಎಕ್ಸೆಲ್‌ನಲ್ಲೂ ಇಂಥದೊಂದು ಟಿಕ್ ಇದ್ದಿದ್ದರೆ ಈ ಪುಟ ಇಷ್ಟು ಉದ್ದ ಆಗುತ್ತಿರಲಿಲ್ಲ.

ಸಿಎಸ್‌ವಿ ಡಬಲ್ ಕ್ಲಿಕ್ ಮಾಡಿ ನೋಡಿದೆ, ಮುಂದಿನ ಸೊನ್ನೆಗಳೆಲ್ಲ ಮಾಯ. ಎಕ್ಸ್‌ಪೋರ್ಟೇ ಹಾಳಾಗಿದೆಯಾ?

ಬಹುಮಟ್ಟಿಗೆ ಇಲ್ಲ. ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಆ ಕಡತವನ್ನು ಸುಮ್ಮನೆ ತೋರಿಸುವುದಿಲ್ಲ, ಪ್ರತಿ ಸೆಲ್ಲನ್ನೂ ‘ಇದು ಸಂಖ್ಯೆಯೋ, ದಿನಾಂಕವೋ’ ಎಂದು ಊಹಿಸಿ ಬದಲಿಸಿಕೊಳ್ಳುತ್ತದೆ. 00457 ಅದರ ಪಾಲಿಗೆ 457. ಕಡತದಲ್ಲಿ ನಿಜವಾಗಿ ಏನಿದೆ ಎಂದು ನೋಡಲು ನೋಟ್‌ಪ್ಯಾಡ್‌ನಲ್ಲೋ ಬೇರೆ ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲೋ ತೆರೆಯಿರಿ. ಅಲ್ಲಿ ಸಾಲು ಹೀಗೆ ಕಂಡರೆ ಎಕ್ಸ್‌ಪೋರ್ಟ್ ಸರಿಯಾಗಿಯೇ ಆಗಿದೆ:

`00457,ತಿರುಪು,"1,250.00",2024-01-01`

ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಎಕ್ಸೆಲ್‌ನಲ್ಲಿ ತೆರೆದು, ‘ಹೇಗೂ ತೆರೆದಾಯಿತಲ್ಲ’ ಎಂದು ಸೇವ್ ಒತ್ತಿದಿರೋ, ಆಗ ಸೊನ್ನೆಗಳು ನಿಜಕ್ಕೂ ಹೋಗುತ್ತವೆ. ಎಕ್ಸ್‌ಪೋರ್ಟ್‌ನಲ್ಲಿ ಕೆಟ್ಟಿತು ಎಂದು ದೂರುವ ಕಡತಗಳಲ್ಲಿ ಬಹಳಷ್ಟು ಕೆಟ್ಟಿರುವುದು ಹೀಗೆ ನೋಡಲು ಹೋಗಿಯೇ.

ಹಾಗಾದ್ರೆ ಸೊನ್ನೆ ಹೋಗದ ಹಾಗೆ ಸಿಎಸ್‌ವಿ ತೆರೆಯೋದು ಹೇಗೆ?

ಎಕ್ಸೆಲ್‌ನಲ್ಲಿ ಖಾಲಿ ವರ್ಕ್‌ಬುಕ್ ತೆರೆದು, ಡೇಟಾ ಟ್ಯಾಬ್‌ನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತನ್ನಿ. ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿದರೆ ಪವರ್ ಕ್ವೆರಿ, ಅಂದರೆ ಎಕ್ಸೆಲ್‌ನೊಳಗಿನ ಡೇಟಾ ತರುವ ಸಾಧನ, ತೆರೆಯುತ್ತದೆ. ಬಲಗಡೆಯ ಹೆಜ್ಜೆಗಳ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಎಂಬುದನ್ನು ಅಳಿಸಿದರೆ ಎಲ್ಲವೂ ಇದ್ದ ಹಾಗೇ ಪಠ್ಯವಾಗಿ ಉಳಿಯುತ್ತದೆ. ಕ್ಯಾಲ್ಕ್‌ನಲ್ಲಿ ತೆರೆಯುವಾಗಲೇ ಒಂದು ಕಿಟಕಿ ಬರುತ್ತದೆ, ಅಲ್ಲಿ ಕಾಲಂ ಆರಿಸಿ ಟೈಪ್ ಅನ್ನು ‘ಟೆಕ್ಸ್ಟ್’ ಮಾಡಿ. ಗೂಗಲ್ ಶೀಟ್ಸ್‌ನ ಇಂಪೋರ್ಟ್ ಕಿಟಕಿಯಲ್ಲಿ ಪಠ್ಯವನ್ನು ಸಂಖ್ಯೆ, ದಿನಾಂಕ, ಫಾರ್ಮುಲಾ ಆಗಿ ಬದಲಿಸುವ ಟಿಕ್ ತೆಗೆಯಿರಿ.

ಬಣ್ಣ, ಬೋಲ್ಡ್, ಬಾರ್ಡರ್ ಏನೂ ಬಂದಿಲ್ಲ. ಬಾಕಿ ಇರೋವ್ರನ್ನ ಕೆಂಪು ಮಾಡಿದ್ದೆ, ಈಗ ಹೇಗೆ ಗುರುತಿಸೋದು?

ಬಣ್ಣ ಸಿಎಸ್‌ವಿಗೆ ಹೋಗುವುದಿಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗುವುದಿಲ್ಲ. ಬಣ್ಣದ ಪ್ರಕಾರ ಫಿಲ್ಟರ್ ಮಾಡಿ, ಪಕ್ಕದಲ್ಲೊಂದು ‘ಸ್ಥಿತಿ’ ಕಾಲಂ ಹಾಕಿ, ಆ ಸಾಲುಗಳಿಗೆಲ್ಲ ‘ಬಾಕಿ’ ಎಂದು ತುಂಬಿಸಿ. ಮುಂದೆ ಬಣ್ಣ ಬೇಕೆನಿಸಿದರೆ ಆ ಕಾಲಂ ನೋಡಿಕೊಂಡು ಕಂಡಿಷನಲ್ ಫಾರ್ಮ್ಯಾಟಿಂಗ್ ತಾನೇ ಹಚ್ಚಲಿ.

ಮೂರು ಶೀಟ್ ಇತ್ತು, ಒಂದೇ ಬಂತು.

ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ಆಗ ತೆರೆದಿರುವ ಶೀಟನ್ನು ಮಾತ್ರ. ಒಂದೊಂದನ್ನೂ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು.

## ಸಂಖ್ಯೆಗಳ ಗೋಳು

ಉದ್ದದ ಐಡಿ ನಂಬರ್ 1.23457E+11 ಅಂತ ಬರ್ತಿದೆ. ಕಾಲಂ ಅಗಲ ಮಾಡಿದ್ರೂ ಹೋಗಲ್ಲ.

ಜನರಲ್ ಫಾರ್ಮ್ಯಾಟ್‌ನಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಅಂಕಿಗಳಿರುವ ಸಂಖ್ಯೆಯನ್ನು ಎಕ್ಸೆಲ್ ಹೀಗೆ ಘಾತ ರೂಪದಲ್ಲಿ ತೋರಿಸುತ್ತದೆ. ಕಾಲಂ ಅಗಲಕ್ಕೂ ಇದಕ್ಕೂ ಸಂಬಂಧವಿಲ್ಲ. ಶೀಟಿನಲ್ಲಿರುವಾಗ ಇದು ಬರೀ ನೋಟದ ತೊಂದರೆ. ಸೆಲ್ ಮೇಲೆ ಕ್ಲಿಕ್ ಮಾಡಿದರೆ ಫಾರ್ಮುಲಾ ಬಾರ್‌ನಲ್ಲಿ 123456789012 ಪೂರ್ತಿ ಕಾಣುತ್ತದೆ. ಆದರೆ ಹಾಗೇ ಸಿಎಸ್‌ವಿ ಮಾಡಿದರೆ ಕಡತದಲ್ಲಿ 1.23457E+11 ಎಂದೇ ದಾಖಲಾಗುತ್ತದೆ. ಅದನ್ನು ಓದಿಕೊಳ್ಳುವ ತಂತ್ರಾಂಶಕ್ಕೆ ಅದು 123457000000. ಕೊನೆಯ ಆರು ಅಂಕಿಗಳು ಸೊನ್ನೆ, ವಾಪಸ್ ತರುವ ದಾರಿಯೇ ಇಲ್ಲ.

ಎಕ್ಸ್‌ಪೋರ್ಟ್‌ಗೆ ಮೊದಲು ಕಾಲಂ ಆರಿಸಿ, ನಂಬರ್ ಫಾರ್ಮ್ಯಾಟ್ ಕೊಟ್ಟು, ದಶಮಾಂಶ ಸ್ಥಾನ ಸೊನ್ನೆ ಮಾಡಿ. ಅಷ್ಟೇ ಸಾಕು, ಸಂಖ್ಯೆ 15 ಅಂಕಿಗಳ ಒಳಗಿದ್ದರೆ.

ನಂದು 16 ಅಂಕಿ. ಟೈಪ್ ಮಾಡೋದು 7, ಕೊನೆಗೆ ಕಾಣೋದು 0!

ಅಲ್ಲೇ ಇರುವುದು 15ರ ಗಡಿ. ಎಕ್ಸೆಲ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ವಿಧಾನದಲ್ಲಿ 15 ಅಂಕಿಗಳವರೆಗೆ ಮಾತ್ರ ನಿಖರತೆ, 16ನೆಯದರಿಂದ ಮುಂದೆ ಎಲ್ಲವೂ ಸೊನ್ನೆ. ಇದು ಫಾರ್ಮ್ಯಾಟ್ ಬದಲಿಸಿ ಸರಿಪಡಿಸುವಂಥದ್ದಲ್ಲ. ನಮೂದಿಸಿದ ಕ್ಷಣದಲ್ಲೇ ಅಂಕಿ ಹೋಗಿರುತ್ತದೆ. ಟೈಪ್ ಮಾಡುವ ಮೊದಲೇ ಕಾಲಂಗೆ ಟೆಕ್ಸ್ಟ್ ಫಾರ್ಮ್ಯಾಟ್ ಕೊಡಬೇಕು, ಇಲ್ಲವೇ ಸಂಖ್ಯೆಯ ಮುಂದೆ ಒಂದು ಸಿಂಗಲ್ ಕೋಟ್ ಹಾಕಬೇಕು. ಆ ಕೋಟ್ ಸಿಎಸ್‌ವಿಗೆ ಹೋಗುವುದಿಲ್ಲ, ಹೆದರಬೇಡಿ.

ಕೂಡಿಸಲು, ಕಳೆಯಲು ಬೇಕಾಗದ ಯಾವ ನಂಬರೂ ಸಂಖ್ಯೆಯಲ್ಲ, ಪಠ್ಯ ಎಂದೇ ನನ್ನ ಲೆಕ್ಕ. ಫೋನ್, ಖಾತೆ, ಪಿನ್, ಬಾರ್‌ಕೋಡ್ ಎಲ್ಲವೂ ಆ ಸಾಲಿಗೆ ಸೇರುತ್ತವೆ.

ಕೋಡ್ ಮುಂದಿನ ಸೊನ್ನೆಗೆ 00000 ಅಂತ ಕಸ್ಟಮ್ ಫಾರ್ಮ್ಯಾಟ್ ಹಾಕಿದೀನಿ. ಇದು ಸಾಕಾ?

ಸಿಎಸ್‌ವಿಗೆ ಸಾಕು. ಕಾಣುವುದೇ ಕಡತಕ್ಕೆ ಹೋಗುವುದರಿಂದ 457 ಎಂಬುದು 00457 ಆಗಿಯೇ ಹೋಗುತ್ತದೆ. ಆದರೆ ಎಕ್ಸ್‌ಎಲ್‌ಎಸ್‌ಎಕ್ಸ್ (ಎಕ್ಸೆಲ್‌ನ ಸ್ವಂತ ರೂಪದ) ಕಡತವನ್ನೇ ಬೇರೆ ಪ್ರೋಗ್ರಾಂ ನೇರವಾಗಿ ಓದುವಂತಿದ್ದರೆ ಅದಕ್ಕೆ ಸಿಗುವುದು ಬರೀ 457. ಎರಡೂ ಕಡೆ ನಿಲ್ಲುವ ಉಪಾಯ ಎಂದರೆ ಪಕ್ಕದ ಕಾಲಂನಲ್ಲಿ ಟೆಕ್ಸ್ಟ್ ಫಂಕ್ಷನ್‌ಗೆ ಆ ಸೆಲ್ಲನ್ನೂ "00000" ಮಾದರಿಯನ್ನೂ ಕೊಟ್ಟು ನಿಜವಾದ ಪಠ್ಯ ಮಾಡಿಕೊಳ್ಳುವುದು.

ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಬದಲಿಸಿದೆ, ಏನೂ ಬದಲಾಗಲಿಲ್ಲ. ಯಾಕೆ?

ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಒಳಗೆ ಆಗಲೇ ಕುಳಿತಿರುವ ಮೌಲ್ಯದ ಜಾತಿ ಬದಲಾಗುವುದಿಲ್ಲ. ಎಫ್2 ಒತ್ತಿ ಎಂಟರ್ ಕೊಟ್ಟು ಮತ್ತೆ ನಮೂದಿಸಿದಾಗಲೇ ಬದಲಾವಣೆ. ಸಾವಿರ ಸಾಲಿಗೆ ಹಾಗೆ ಮಾಡುತ್ತ ಕೂರಬೇಡಿ: ಕಾಲಂ ಆರಿಸಿ, ಡೇಟಾ ಟ್ಯಾಬ್‌ನ ‘ಟೆಕ್ಸ್ಟ್ ಟು ಕಾಲಮ್ಸ್’ಗೆ ಹೋಗಿ, ಮೂರನೇ ಹಂತದಲ್ಲಿ ಟೆಕ್ಸ್ಟ್ ಆರಿಸಿ ಫಿನಿಶ್ ಒತ್ತಿ. ಪಠ್ಯವಾಗಿ ಕುಳಿತ ಸಂಖ್ಯೆಗಳನ್ನು ಮರಳಿ ಸಂಖ್ಯೆ ಮಾಡಲೂ ಇದೇ ದಾರಿ, ಆಗ ಜನರಲ್ ಆರಿಸಬೇಕು. ಅಂದಹಾಗೆ, ಅಲೈನ್‌ಮೆಂಟ್ ಯಾರೂ ಮುಟ್ಟಿರದಿದ್ದರೆ ಸಂಖ್ಯೆ ಬಲಕ್ಕೆ, ಪಠ್ಯ ಎಡಕ್ಕೆ ಅಂಟಿಕೊಂಡಿರುತ್ತದೆ. ಒಂದೇ ಕಾಲಂನಲ್ಲಿ ಎರಡೂ ಕಂಡರೆ ಅಲ್ಲಿ ಬೆರಕೆ ಇದೆ ಎಂದರ್ಥ.

ಸಿಎಸ್‌ವಿಯ ಮೊತ್ತ ಮತ್ತು ಶೀಟಿನ ಮೊತ್ತ ಸ್ವಲ್ಪ ವ್ಯತ್ಯಾಸ ಬರ್ತಿದೆ. ಸಾಲುಗಳೆಲ್ಲ ಇವೆ.

ಎರಡು ದಶಮಾಂಶ ತೋರಿಸುವ ಫಾರ್ಮ್ಯಾಟ್ ಇರಬೇಕು. ಒಳಗೆ 10.004 ಇದ್ದರೂ ಕಡತಕ್ಕೆ ಹೋಗುವುದು 10.00. ಅಂಥ ಐದು ಸಾಲು ಸೇರಿದರೆ ಶೀಟಿನ ಮೊತ್ತ 50.02, ಸಿಎಸ್‌ವಿಯದು 50.00. ಪೂರ್ಣ ನಿಖರತೆ ಬೇಕಿದ್ದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ. ಎರಡೇ ಸ್ಥಾನ ಸಾಕು ಎಂದಾದರೆ ರೌಂಡ್ ಫಂಕ್ಷನ್‌ನಿಂದ ಮೌಲ್ಯವನ್ನೇ ದುಂಡಾಗಿಸಿ, ಆಗ ಎರಡೂ ಕಡೆ ಲೆಕ್ಕ ತಾಳೆಯಾಗುತ್ತದೆ. ಆಪ್ಷನ್ಸ್‌ನಲ್ಲಿ ‘ಸೆಟ್ ಪ್ರಿಸಿಷನ್ ಆ್ಯಸ್ ಡಿಸ್‌ಪ್ಲೇಯ್ಡ್’ ಎಂಬುದೊಂದಿದೆ, ಸುಲಭ ಎನಿಸಬಹುದು. ಅದು ವರ್ಕ್‌ಬುಕ್‌ನ ಎಲ್ಲ ಮೌಲ್ಯಗಳನ್ನೂ ಕಾಣುವಷ್ಟಕ್ಕೆ ಶಾಶ್ವತವಾಗಿ ಕತ್ತರಿಸುತ್ತದೆ. ನಾನಂತೂ ಯಾರಿಗೂ ಹೇಳುವುದಿಲ್ಲ.

"1,250.00" ಇದ್ದ ಕಡೆಯೆಲ್ಲ ಸಾಫ್ಟ್‌ವೇರ್ ಎರರ್ ಕೊಡ್ತಿದೆ.

ಸಾವಿರದ ಅಲ್ಪವಿರಾಮ ಇರುವುದರಿಂದ ಎಕ್ಸೆಲ್ ಅದನ್ನು ಕೋಟ್‌ಗಳ ನಡುವೆ ಇಟ್ಟು ಬರೆಯುತ್ತದೆ. ಸಿಎಸ್‌ವಿ ನಿಯಮದ ಪ್ರಕಾರ ಇದು ಸರಿ, ಆದರೆ ಓದುವ ತಂತ್ರಾಂಶ ಅದನ್ನು ಸಂಖ್ಯೆ ಎಂದು ಒಪ್ಪದೇ ಇರಬಹುದು. ಅಕೌಂಟಿಂಗ್ ಫಾರ್ಮ್ಯಾಟ್ ಇನ್ನೂ ಕಾಟ ಕೊಡುತ್ತದೆ: ಹಿಂದೆ ಮುಂದೆ ಖಾಲಿ ಜಾಗ, ಕರೆನ್ಸಿ ಚಿಹ್ನೆ, ಸೊನ್ನೆ ಇದ್ದಲ್ಲಿ ಬರೀ ಅಡ್ಡಗೆರೆ. ಸಾವಿರಗಳಲ್ಲಿ ತೋರಿಸುವ ಕಸ್ಟಮ್ ಫಾರ್ಮ್ಯಾಟ್ ಇದ್ದರಂತೂ 1250000 ಎಂಬುದು 1250 ಎಂದೇ ಹೋಗಿಬಿಡುತ್ತದೆ, ಎರರ್ ಕೂಡ ಬರುವುದಿಲ್ಲ. ಮೊತ್ತದ ಕಾಲಂಗಳಿಗೆಲ್ಲ ನಂಬರ್ ಫಾರ್ಮ್ಯಾಟ್ ಕೊಟ್ಟು, ‘ಯೂಸ್ 1000 ಸೆಪರೇಟರ್’ ಟಿಕ್ ತೆಗೆದು ಆಮೇಲೆ ಎಕ್ಸ್‌ಪೋರ್ಟ್ ಮಾಡಿ.

ಫಾರ್ಮುಲಾ ಬಾರ್‌ನಲ್ಲಿ ಸಂಖ್ಯೆ ಇದೆ, ಸಿಎಸ್‌ವಿಯಲ್ಲಿ ಆ ಜಾಗ ಖಾಲಿ.

ಯಾರೋ ಆ ಸೆಲ್‌ಗೆ ಮೂರು ಸೆಮಿಕೋಲನ್‌ಗಳ ( ;;; ) ಕಸ್ಟಮ್ ಫಾರ್ಮ್ಯಾಟ್ ಹಾಕಿ ಮೌಲ್ಯವನ್ನು ಮರೆಮಾಡಿದ್ದಾರೆ. ಕಾಣುವ ರೂಪ ಖಾಲಿ, ಕಡತವೂ ಖಾಲಿ. ಜನರಲ್‌ಗೆ ಬದಲಿಸಿ. ಬಿಳಿ ಅಕ್ಷರ ಬಳಿದು ಮುಚ್ಚಿಟ್ಟದ್ದು ಹೀಗಲ್ಲ, ಅದು ಸಿಎಸ್‌ವಿಗೆ ಹಾಯಾಗಿ ಹೋಗುತ್ತದೆ. ಗುಟ್ಟಾಗಿ ಇಡಬೇಕಾದ್ದನ್ನು ಹಾಗೆ ಮುಚ್ಚಿದ್ದರೆ ಕಡತ ಕಳಿಸುವ ಮೊದಲು ನೆನಪಿರಲಿ.

## ದಿನಾಂಕ ಮತ್ತು ಸಮಯ

ದಿನಾಂಕದ ಜಾಗದಲ್ಲಿ 45292 ಅಂತ ಬಂದಿದೆ. ಇದೇನು ನಂಬರು?

ಅದೇ ದಿನಾಂಕ, ಬಟ್ಟೆ ಕಳಚಿ ನಿಂತಿದೆ ಅಷ್ಟೆ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸುತ್ತದೆ, 45292 ಎಂದರೆ 2024ರ ಜನವರಿ 1. ಕಾಲಂಗೆ ಜನರಲ್ ಫಾರ್ಮ್ಯಾಟ್ ಕೊಟ್ಟಾಗ ಅಥವಾ ಬೇರೆ ಪ್ರೋಗ್ರಾಂ ಒಳಗಿನ ಮೌಲ್ಯವನ್ನೇ ಎತ್ತಿಕೊಂಡಾಗ ಹೀಗಾಗುತ್ತದೆ. ಡೇಟ್ ಫಾರ್ಮ್ಯಾಟ್ ಕೊಟ್ಟರೆ ಸರಿಹೋಗುತ್ತದೆ.

ಈ ಎಣಿಕೆಯಲ್ಲೊಂದು ಹಳೆಯ ಐಬು ಉಂಟು. 1900 ಅಧಿಕ ವರ್ಷವಲ್ಲ, ಆದರೂ ಎಕ್ಸೆಲ್‌ನಲ್ಲಿ 60 ಎಂದರೆ 1900ರ ಫೆಬ್ರವರಿ 29. ಹಿಂದಿನ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದ ಜೊತೆ ಹೊಂದಿಕೆಯಾಗಲಿ ಎಂದು ಅದರ ತಪ್ಪನ್ನೇ ಉಳಿಸಿಕೊಂಡರು. ಈ ಸಂಖ್ಯೆಗಳನ್ನು ನೀವೇ ಕೋಡ್ ಬರೆದು ದಿನಾಂಕ ಮಾಡುವಾಗ ಒಂದು ದಿನ ಹೆಚ್ಚು ಬಂದರೆ ಕಾರಣ ಇದೇ. 1899ರ ಡಿಸೆಂಬರ್ 30ರಿಂದ ಎಣಿಸಿದರೆ 1900ರ ಮಾರ್ಚ್ ನಂತರದ ದಿನಾಂಕಗಳೆಲ್ಲ ಸರಿಹೊಂದುತ್ತವೆ.

ಎಲ್ಲಾ ದಿನಾಂಕಗಳೂ ಸರಿಯಾಗಿ ನಾಲ್ಕು ವರ್ಷ ಹಿಂದೆ ಹೋಗಿವೆ. ಹೇಗೆ ಸಾಧ್ಯ?

ಎಣಿಕೆ ಎಲ್ಲಿಂದ ಶುರು ಎಂಬುದಕ್ಕೆ ಎಕ್ಸೆಲ್‌ನಲ್ಲಿ ಎರಡು ಪದ್ಧತಿಗಳಿವೆ, 1900ರದ್ದು ಮತ್ತು 1904ರದ್ದು. ಎರಡನೆಯದು ಹಳೆಯ ಮ್ಯಾಕ್ ಕಡತಗಳಿಂದ ಬಂದದ್ದು. ನಡುವಿನ ಅಂತರ 1462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ. 1904ರ ವರ್ಕ್‌ಬುಕ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದ್ದೀರಿ. ಆ ಕಾಲಂಗೆ 1462 ಕೂಡಿಸಿ.

ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಸರಿ, ಕೆಲವು ತಿಂಗಳು-ದಿನ ಅದಲು ಬದಲು. ತಲೆ ಕೆಟ್ಟುಹೋಯ್ತು.

ಇದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನೋಡಿದ ಕೂಡಲೇ ತಿಳಿಯುವುದಿಲ್ಲ. ಕಡತದಲ್ಲಿ ದಿನ/ತಿಂಗಳು/ವರ್ಷ ಇದೆ, ತೆರೆದ ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ತಿಂಗಳು/ದಿನ/ವರ್ಷ ಎಂದುಕೊಳ್ಳಿ. 03/04/2024 ಎಂಬ ಏಪ್ರಿಲ್ 3ನ್ನು ಎಕ್ಸೆಲ್ ಮಾರ್ಚ್ 4 ಎಂದು ಓದಿಕೊಂಡು ದಿನಾಂಕ ಮಾಡಿಕೊಳ್ಳುತ್ತದೆ. 13/04/2024 ಬಂದಾಗ, ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಪಠ್ಯವಾಗಿಯೇ ಬಿಟ್ಟುಬಿಡುತ್ತದೆ. ಕಣ್ಣಿಗೆ ‘ಸರಿ’ ಎಂದು ಕಾಣುವುದು ಈ ಪಠ್ಯದ ಸಾಲುಗಳು. ಬಲಕ್ಕೆ ಅಂಟಿಕೊಂಡು ನಿಜವಾದ ದಿನಾಂಕದಂತೆ ಕಾಣುವುದೇ ಕೆಟ್ಟದ್ದು.

ಮೂಲ ಕಡತ ಇದ್ದರೆ ಅದನ್ನೇ ಮತ್ತೆ ತನ್ನಿ, ಈ ಬಾರಿ ಕಾಲಂ ಟೈಪ್ ‘ಡಿಎಂವೈ’ (ದಿನ-ತಿಂಗಳು-ವರ್ಷ) ಎಂದು ಹೇಳಿಯೇ ತನ್ನಿ. ‘ಟೆಕ್ಸ್ಟ್ ಟು ಕಾಲಮ್ಸ್’ನ ಮೂರನೇ ಹಂತದಲ್ಲೂ ಕ್ಯಾಲ್ಕ್‌ನ ಇಂಪೋರ್ಟ್ ಕಿಟಕಿಯಲ್ಲೂ ಆ ಆಯ್ಕೆ ಇದೆ. ಮೂಲ ಇಲ್ಲದಿದ್ದರೂ ಒಂದು ದಾರಿಯಿದೆ. ಈಸ್‌ನಂಬರ್ ಫಂಕ್ಷನ್ ಹಾಕಿ ನೋಡಿ. ಸಂಖ್ಯೆ ಎಂದು ಬಂದ ಸಾಲುಗಳೆಲ್ಲ ಅದಲು ಬದಲಾದವು, ಅವಕ್ಕೆ ಡೇಟ್ ಫಂಕ್ಷನ್‌ನಲ್ಲಿ ವರ್ಷ, ಆಮೇಲೆ ಡೇ ಕೊಟ್ಟದ್ದನ್ನು ತಿಂಗಳಾಗಿ, ಮಂತ್ ಕೊಟ್ಟದ್ದನ್ನು ದಿನವಾಗಿ ಇಡಿ. ಉಳಿದ ಪಠ್ಯದ ಸಾಲುಗಳಿಗೆ ಡಿಎಂವೈ. ನಡುವೆ ಯಾರಾದರೂ ಕೈಯಾರೆ ನಾಲ್ಕಾರು ಸಾಲು ತಿದ್ದಿದ್ದರೆ ಮಾತ್ರ ಈ ಲೆಕ್ಕ ಮುರಿದುಬೀಳುತ್ತದೆ.

ನಮ್ಮ ಕಂಪ್ಯೂಟರ್‌ನಲ್ಲಿ ಮಾಡಿದ ಸಿಎಸ್‌ವಿ ಓಕೆ, ಸಹೋದ್ಯೋಗಿ ಅದೇ ಫೈಲ್‌ನಿಂದ ಮಾಡಿದ್ರೆ ದಿನಾಂಕ ಬೇರೆ ಥರ. ಅದ್ಹೇಗೆ?

ಡೇಟ್ ಫಾರ್ಮ್ಯಾಟ್‌ಗಳ ಪಟ್ಟಿಯಲ್ಲಿ ಕೆಲವಕ್ಕೆ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ. ಅವು ಆಯಾ ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ಪ್ರಕಾರ ರೂಪ ಬದಲಿಸುತ್ತವೆ. ಎಕ್ಸ್‌ಪೋರ್ಟ್ ಮಾಡುವ ಕಾಲಂಗೆ ಕಸ್ಟಮ್‌ನಲ್ಲಿ ನಾಲ್ಕು ‘ವೈ’, ಹೈಫನ್, ಎರಡು ‘ಎಂ’, ಹೈಫನ್, ಎರಡು ‘ಡಿ’ ಬರೆಯಿರಿ. ಎಲ್ಲಿ ತೆರೆದರೂ 2024-04-03 ಎಂದೇ ಹೋಗುತ್ತದೆ, ದಿನ-ತಿಂಗಳ ಗೊಂದಲಕ್ಕೂ ಎಡೆಯಿಲ್ಲ.

ಲಾಗ್ ಫೈಲ್ ತೆರೆದು ಸೇವ್ ಮಾಡಿದೆ. ಈಗ ದಿನಾಂಕವೇ ಇಲ್ಲ, ಬರೀ 07:32.5 ಅಂತಿದೆ.

ಮೂಲದಲ್ಲಿ 2024-03-05 14:07:32.456 ಇತ್ತು. ಸೆಕೆಂಡಿನ ಭಾಗವೂ ಇರುವ ಸಮಯ ಕಂಡರೆ ಎಕ್ಸೆಲ್ ತಾನಾಗಿ ನಿಮಿಷ-ಸೆಕೆಂಡ್ ಮಾತ್ರ ತೋರಿಸುವ ಫಾರ್ಮ್ಯಾಟ್ ಹಚ್ಚುತ್ತದೆ. ಒಳಗೆ ಪೂರ್ತಿ ಮೌಲ್ಯ ಇರುತ್ತದೆ, ಆದರೆ ಸಿಎಸ್‌ವಿಯಾಗಿ ಸೇವ್ ಮಾಡಿದಾಗ ಹೋಗುವುದು ಕಾಣುವಷ್ಟೇ. ವರ್ಕ್‌ಬುಕ್ ಇನ್ನೂ ಮುಚ್ಚಿಲ್ಲವಾದರೆ ಈಗಲೇ ದಿನಾಂಕ, ಗಂಟೆ, ನಿಮಿಷ, ಸೆಕೆಂಡ್ ಎಲ್ಲ ಇರುವ ಕಸ್ಟಮ್ ಫಾರ್ಮ್ಯಾಟ್ ಕೊಟ್ಟು ಮತ್ತೆ ಸೇವ್ ಮಾಡಿ. ಮುಚ್ಚಿದ್ದರೆ ಆ ಕಡತ ಹೋಯಿತು, ಲಾಗ್ ಎಲ್ಲಿಂದ ಬಂತೋ ಅಲ್ಲಿಂದಲೇ ಮತ್ತೆ ಪಡೆಯಬೇಕು.

ಒಟ್ಟು ಕೆಲಸದ ಅವಧಿ 27:30 ಗಂಟೆ. ಸಿಎಸ್‌ವಿಯಲ್ಲಿ 3:30!

ಸಾಮಾನ್ಯ ಗಂಟೆ-ನಿಮಿಷದ ಫಾರ್ಮ್ಯಾಟ್ 24 ದಾಟಿದ ಕೂಡಲೇ ಗಡಿಯಾರದ ಹಾಗೆ ಸೊನ್ನೆಯಿಂದ ಶುರು ಮಾಡುತ್ತದೆ. ಗಂಟೆಯ ‘ಎಚ್’ ಅಕ್ಷರವನ್ನು ಚೌಕ ಆವರಣದೊಳಗೆ ಇಟ್ಟು ಕಸ್ಟಮ್ ಫಾರ್ಮ್ಯಾಟ್ ಮಾಡಿದರೆ 27:30 ಎಂದೇ ಬರುತ್ತದೆ. ಲೆಕ್ಕಕ್ಕೆ ಹೋಗುವ ಕಡತವಾದರೆ ಮೌಲ್ಯವನ್ನು 24ರಿಂದ ಗುಣಿಸಿ 27.5 ಎಂದು ಸಾದಾ ಸಂಖ್ಯೆಯಾಗಿ ಕಳಿಸುವುದೇ ಮೇಲು.

3-5 ಅಂತ ಕೋಡ್ ಹಾಕಿದ್ರೆ ದಿನಾಂಕ ಆಗ್ತಿದೆ. ಇದನ್ನ ನಿಲ್ಲಿಸೋಕೆ ಆಗಲ್ವಾ?

ನೀವೊಬ್ಬರೇ ಅಲ್ಲ. ತಳಿವಿಜ್ಞಾನಿಗಳ ಸೆಪ್ಟ್1, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಎಕ್ಸೆಲ್ ಸೆಪ್ಟೆಂಬರ್ 1, ಮಾರ್ಚ್ 1 ಮಾಡುತ್ತಲೇ ಇತ್ತು. ಎಕ್ಸೆಲ್ ಪಟ್ಟಿಗಳನ್ನು ಜೊತೆಗಿಟ್ಟು ಪ್ರಕಟವಾದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಹ್ಯೂಗೋ ಜೀನ್ ನಾಮಕರಣ ಸಮಿತಿ ಜೀನ್‌ಗಳ ಹೆಸರನ್ನೇ ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಬದಲಿಸಿತು. ತಂತ್ರಾಂಶ ಬಗ್ಗದಿದ್ದಾಗ ವಿಜ್ಞಾನವೇ ಬಗ್ಗಬೇಕಾಯಿತು.

2023ರಲ್ಲಿ ಎಕ್ಸೆಲ್‌ಗೂ ಸೆಟ್ಟಿಂಗ್ ಬಂತು: ಫೈಲ್, ಆಪ್ಷನ್ಸ್, ಡೇಟಾ ಎಂದು ಹೋದರೆ ‘ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್’ ಭಾಗವಿದೆ. ಮುಂದಿನ ಸೊನ್ನೆ ತೆಗೆಯುವುದು, ಉದ್ದದ ಸಂಖ್ಯೆ ಕತ್ತರಿಸುವುದು, 12E5ನಂಥ ಕೋಡನ್ನು ಘಾತ ಸಂಖ್ಯೆ ಮಾಡುವುದು, ಅಕ್ಷರ-ಅಂಕಿ ಬೆರೆತದ್ದನ್ನು ದಿನಾಂಕ ಮಾಡುವುದು, ಒಂದೊಂದನ್ನೂ ಬೇಡ ಎನ್ನಬಹುದು. ಆದರೆ ಕೊನೆಯದು ಅಕ್ಷರ ಇರುವ ಕೋಡ್‌ಗಳಿಗೆ ಮಾತ್ರ. ಬರೀ ಅಂಕಿ-ಹೈಫನ್ ಇರುವ ನಿಮ್ಮ 3-5ಕ್ಕೆ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್ ಕೊಟ್ಟಿಟ್ಟುಕೊಳ್ಳುವುದೇ ಸರಿ.

## ಅಕ್ಷರ, ಸಾಲು, ಖಾಲಿ ಜಾಗ

ಕನ್ನಡದಲ್ಲಿದ್ದ ಹೆಸರುಗಳೆಲ್ಲ ???? ಆಗಿವೆ.

ಸೇವ್ ಆ್ಯಸ್ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಸಿಎಸ್‌ವಿಗಳಿವೆ. ಬರೀ ‘ಸಿಎಸ್‌ವಿ’ ಎಂಬುದು ಹಳೆಯ ಎನ್‌ಕೋಡಿಂಗ್ (ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ವಿಧಾನ), ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದೆ ಪ್ರತಿ ಅಕ್ಷರದ ಬದಲು ಪ್ರಶ್ನಾರ್ಥಕ ಬೀಳುತ್ತದೆ. ಕಡತದಲ್ಲಿ ನಿಜಕ್ಕೂ ಪ್ರಶ್ನಾರ್ಥಕವೇ ಇರುವುದರಿಂದ ಆಮೇಲೆ ಎನ್‌ಕೋಡಿಂಗ್ ಬದಲಿಸಿ ತೆರೆದರೂ ಪ್ರಯೋಜನವಿಲ್ಲ. ‘ಸಿಎಸ್‌ವಿ ಯುಟಿಎಫ್-8’ ಆರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಪ್ರಶ್ನಾರ್ಥಕದ ಬದಲು ವಿಚಿತ್ರ ಲಿಪಿಯ ಗೋಜಲು ಕಂಡರೆ ಅದು ಬೇರೆ ಕಥೆ: ಕಡತ ಚೆನ್ನಾಗಿದೆ, ತೆರೆಯುವಾಗ ಯುಟಿಎಫ್-8 ಎಂದು ಹೇಳಿಲ್ಲ ಅಷ್ಟೆ.

ಎಕ್ಸೆಲ್ ಈ ಬಗೆಯ ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತೊಂದನ್ನು ಇಡುತ್ತದೆ, ಬಿಓಎಂ ಎನ್ನುತ್ತಾರೆ. ‘ಮೊದಲ ಕಾಲಂ ಸಿಗುತ್ತಿಲ್ಲ’ ಎಂದು ಯಾವುದಾದರೂ ಪ್ರೋಗ್ರಾಂ ಹಟ ಹಿಡಿದರೆ ಆ ಗುರುತು ಹೆಡರ್‌ಗೆ ಅಂಟಿಕೊಂಡಿದೆಯೇ ನೋಡಿ.

ಒಂದು ದಾಖಲೆ ಎರಡು ಸಾಲಾಗಿ ಒಡೆದುಹೋಗ್ತಿದೆ.

ವಿಳಾಸದಂಥ ಸೆಲ್ ಒಳಗೆ ಆಲ್ಟ್-ಎಂಟರ್ ಒತ್ತಿ ಸಾಲು ಮುರಿದಿದ್ದಾರೆ. ಸಿಎಸ್‌ವಿ ಹೇಗಿರಬೇಕೆಂದು ವಿವರಿಸುವ 2005ರ ಆರ್‌ಎಫ್‌ಸಿ 4180 ದಾಖಲೆಯ ಪ್ರಕಾರ ಕೋಟ್‌ಗಳ ನಡುವೆ ಸಾಲು ಮುರಿಯಬಹುದು, ಆದರೆ ಅದನ್ನು ಪಾಲಿಸದ ಪ್ರೋಗ್ರಾಂಗಳಿಗೆ ಕೊರತೆಯಿಲ್ಲ. ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಿಂದ ಸಾಲು ಮುರಿಯುವ 10ನೇ ಕ್ಯಾರೆಕ್ಟರನ್ನು, ಅಂದರೆ CHAR(10) ಅನ್ನು, ಖಾಲಿ ಜಾಗಕ್ಕೆ ಬದಲಿಸಿ. ಕ್ಲೀನ್ ಫಂಕ್ಷನ್ ಬಳಸಿದರೂ ಸಾಲು ಮುರಿತ ಹೋಗುತ್ತದೆ, ಆದರೆ ಅದು ನಡುವೆ ಜಾಗ ಬಿಡದೆ ಎರಡು ಪದಗಳನ್ನು ಅಂಟಿಸಿಬಿಡುತ್ತದೆ.

ಎಲ್ಲಾ ಡೇಟಾ ಒಂದೇ ಕಾಲಂಗೆ ಬಂದು ಕೂತಿದೆ.

ಒಂದು ಕಂಪ್ಯೂಟರ್ ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದೆ, ಇನ್ನೊಂದು ಸೆಮಿಕೋಲನ್ ನಿರೀಕ್ಷಿಸುತ್ತಿದೆ, ಅಥವಾ ತಿರುಗಾಮುರುಗಾ. ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ದೇಶಗಳ ಸೆಟ್ಟಿಂಗ್‌ನಲ್ಲಿ ಸೆಮಿಕೋಲನ್ನೇ ರೂಢಿ. ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತಂದರೆ ಡಿಲಿಮಿಟರ್, ಅಂದರೆ ಕಾಲಂ ಬೇರ್ಪಡಿಸುವ ಚಿಹ್ನೆ, ಅಲ್ಲೇ ಆರಿಸಬಹುದು.

ಎರಡು ಹೆಸರೂ ಒಂದೇ ಥರ ಕಾಣ್ತವೆ, ಆದ್ರೆ ವಿಲುಕಪ್ ಸಿಗಲ್ಲ ಅಂತದೆ. ಟ್ರಿಮ್ ಕೂಡ ಹಾಕಿದೆ.

ಜಾಲಪುಟದಿಂದ ಕಾಪಿ ಮಾಡಿದ್ದಿರಬೇಕು. ಅಲ್ಲಿಂದ ಬರುವ 160ನೇ ಕ್ಯಾರೆಕ್ಟರ್, ಅಂದರೆ CHAR(160), ಖಾಲಿ ಜಾಗದಂತೆಯೇ ಕಂಡರೂ ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಮೊದಲು ಸಬ್‌ಸ್ಟಿಟ್ಯೂಟ್‌ನಿಂದ ಅದನ್ನು ಸಾದಾ ಜಾಗ ಮಾಡಿ, ಅದರ ಮೇಲೆ ಟ್ರಿಮ್.

ಮರ್ಜ್ ಮಾಡಿದ ಸೆಲ್‌ಗಳಲ್ಲಿ ಮೊದಲ ಸಾಲಿಗೆ ಮಾತ್ರ ಹೆಸರು ಬರ್ತಿದೆ.

ಮರ್ಜ್ ಆದ ಗುಂಪಿನಲ್ಲಿ ಎಡ ಮೇಲ್ತುದಿಯ ಸೆಲ್‌ಗೆ ಮಾತ್ರ ಮೌಲ್ಯ, ಉಳಿದವು ಖಾಲಿ. ಅನ್‌ಮರ್ಜ್ ಮಾಡಿ, ‘ಗೋ ಟು ಸ್ಪೆಷಲ್’ನಲ್ಲಿ ಬ್ಲಾಂಕ್ಸ್ ಆರಿಸಿ, ಸಮ ಚಿಹ್ನೆ ಒತ್ತಿ, ಮೇಲಿನ ಬಾಣದ ಕೀ ಒತ್ತಿ, ಕಂಟ್ರೋಲ್-ಎಂಟರ್ ಕೊಡಿ. ಎಲ್ಲವೂ ತುಂಬುತ್ತದೆ. ಆಮೇಲೆ ಅದನ್ನು ಪೇಸ್ಟ್ ವ್ಯಾಲ್ಯೂಸ್ ಮಾಡಿಕೊಳ್ಳಿ, ಇಲ್ಲದಿದ್ದರೆ ಸಾರ್ಟ್ ಮಾಡಿದಾಗ ಎಲ್ಲ ಕಲಸಿಹೋಗುತ್ತದೆ.

ಹೈಡ್ ಮಾಡಿದ ಸಾಲುಗಳೂ ಸಿಎಸ್‌ವಿಗೆ ಬಂದುಬಿಟ್ಟಿವೆ.

ಎಕ್ಸೆಲ್‌ನಲ್ಲಿ ಬರುತ್ತವೆ, ಫಿಲ್ಟರ್‌ನಿಂದ ಮರೆಯಾದವೂ ಸೇರಿ. ಆಲ್ಟ್ ಮತ್ತು ಸೆಮಿಕೋಲನ್ ಒತ್ತಿ ಕಾಣುವ ಸೆಲ್‌ಗಳನ್ನಷ್ಟೇ ಆರಿಸಿ, ಹೊಸ ಶೀಟ್‌ಗೆ ಕಾಪಿ ಮಾಡಿ, ಅದನ್ನು ಎಕ್ಸ್‌ಪೋರ್ಟ್ ಮಾಡಿ.

ಡೇಟಾ 500 ಸಾಲು. ಸಿಎಸ್‌ವಿಯಲ್ಲಿ ಕೆಳಗೆ ಸಾವಿರಾರು ಸಾಲು ಬರೀ ಕಾಮಾ.

ಕೆಳಗೆ ಎಲ್ಲೋ ಬಾರ್ಡರ್, ಬಣ್ಣ ಅಥವಾ ಅಳಿಸಿದ ಹಳೆಯ ಡೇಟಾದ ಫಾರ್ಮ್ಯಾಟ್ ಉಳಿದಿದೆ, ಅಲ್ಲಿಯವರೆಗೂ ಬಳಕೆಯಲ್ಲಿದೆ ಎಂದು ಎಕ್ಸೆಲ್ ತಿಳಿದಿದೆ. ಕಂಟ್ರೋಲ್-ಎಂಡ್ ಒತ್ತಿ, ಕರ್ಸರ್ ಎಲ್ಲಿಗೆ ಹಾರುತ್ತದೆ ನೋಡಿ. 501ರಿಂದ ಅಲ್ಲಿಯವರೆಗೆ ಸಾಲುಗಳನ್ನು ತಲೆಯಿಂದ ಹಿಡಿದು ಡಿಲೀಟ್ ಮಾಡಿ (ಡಿಲೀಟ್ ಕೀ ಒತ್ತಿದರೆ ಒಳಗಿನದು ಮಾತ್ರ ಹೋಗುತ್ತದೆ, ಫಾರ್ಮ್ಯಾಟ್ ಉಳಿಯುತ್ತದೆ), ವರ್ಕ್‌ಬುಕ್ ಸೇವ್ ಮಾಡಿ, ಮತ್ತೆ ಎಕ್ಸ್‌ಪೋರ್ಟ್.

ಕೆಲವು ಸಾಲಲ್ಲಿ ಕೊನೆಯ ಕಾಮಾ ಇದೆ, ಕೆಲವದ್ರಲ್ಲಿ ಇಲ್ಲ. ಇಂಪೋರ್ಟ್ ಫೇಲ್ ಆಗ್ತಿದೆ.

ಎಕ್ಸೆಲ್ ಸಿಎಸ್‌ವಿಯನ್ನು 16 ಸಾಲುಗಳ ಕಂತುಗಳಲ್ಲಿ ಬರೆಯುತ್ತದೆ. ಒಂದು ಕಂತಿನ 16 ಸಾಲುಗಳಲ್ಲೂ ಕೊನೆಯ ಕಾಲಂ ಖಾಲಿಯಿದ್ದರೆ ಆ ಕಂತಿಗೆ ಆ ಕಾಲಂ ಇಲ್ಲವೆಂದೇ ಬಗೆದು ಕಾಮಾ ಬಿಟ್ಟುಬಿಡುತ್ತದೆ. ‘ಷರಾ’ ಥರದ ಹೆಚ್ಚಾಗಿ ಖಾಲಿ ಇರುವ ಕಾಲಂ ಕೊನೆಯಲ್ಲಿದ್ದಾಗ ಇದು ಕಾಡುತ್ತದೆ. ಆ ಕಾಲಮನ್ನು ನಡುವೆ ಎಲ್ಲಾದರೂ ಸರಿಸಿ, ಪ್ರತಿ ಸಾಲಲ್ಲೂ ತುಂಬಿರುವ ಒಂದನ್ನು ಕೊನೆಗೆ ತನ್ನಿ.

## ಇನ್ನೂ ಆಳಕ್ಕೆ

ಸಿಎಸ್‌ವಿಯಲ್ಲಿ 13%, ಪೈಥಾನ್‌ನಲ್ಲಿ ಅದೇ ಎಕ್ಸ್‌ಎಲ್‌ಎಸ್‌ಎಕ್ಸ್ ಓದಿದ್ರೆ 0.1256. ಯಾವುದು ನಿಜ?

ಎರಡೂ. ಪೈಥಾನ್ ಲೈಬ್ರರಿಗಳಾದ ಪಾಂಡಾಸ್, ಓಪನ್‌ಪೈಎಕ್ಸ್‌ಎಲ್, ಜೊತೆಗೆ ಪವರ್ ಕ್ವೆರಿ ಇವೆಲ್ಲ ಸೆಲ್ ಒಳಗಿನ ಮೌಲ್ಯವನ್ನು ಎತ್ತಿಕೊಳ್ಳುತ್ತವೆ, ಫಾರ್ಮ್ಯಾಟನ್ನು ಲೆಕ್ಕಕ್ಕಿಡುವುದಿಲ್ಲ (ದಿನಾಂಕವನ್ನು ಗುರುತಿಸಲು ಮಾತ್ರ ಫಾರ್ಮ್ಯಾಟ್ ನೋಡಿಕೊಳ್ಳುತ್ತವೆ). ಆದ್ದರಿಂದ ಸಿಎಸ್‌ವಿ ಹಾದಿಯಲ್ಲಿ ಉಪಕಾರ ಮಾಡುವ ಫಾರ್ಮ್ಯಾಟ್ ಇಲ್ಲಿ ಏನೂ ಮಾಡದು, ಅಲ್ಲಿ ನಿಖರತೆ ಕತ್ತರಿಸುವ ಫಾರ್ಮ್ಯಾಟ್ ಇಲ್ಲಿ ಕತ್ತರಿಸುವುದೂ ಇಲ್ಲ. ಯಾವ ಹಾದಿಯಲ್ಲಿ ಹೋಗುತ್ತದೆ ಎಂದು ತಿಳಿಯದೆ ಶೀಟನ್ನು ತಿದ್ದಲು ಕೂರಬೇಡಿ.

ಓಪನ್‌ಪೈಎಕ್ಸ್‌ಎಲ್‌ನಲ್ಲಿ ಇನ್ನೊಂದು ತೊಡಕಿದೆ. ಫಾರ್ಮುಲಾ ಇರುವ ಸೆಲ್‌ನ ಉತ್ತರ ಕೇಳಿದರೆ ಅದು ಲೆಕ್ಕ ಮಾಡುವುದಿಲ್ಲ, ಎಕ್ಸೆಲ್ ಕೊನೆಯ ಬಾರಿ ಉಳಿಸಿದ ಉತ್ತರವನ್ನು ಕೊಡುತ್ತದೆ. ಕಡತವನ್ನು ಎಕ್ಸೆಲ್‌ನಲ್ಲಿ ಒಮ್ಮೆಯೂ ತೆರೆದು ಉಳಿಸಿಲ್ಲದಿದ್ದರೆ ಸಿಗುವುದು ಖಾಲಿ.

ಡೇಟಾಬೇಸ್‌ಗೆ ಹಾಕಿದಾಗ ಒಂದು ಕಾಲಂನಲ್ಲಿ ಅಲ್ಲಲ್ಲಿ ನಲ್ ಬರ್ತಿದೆ.

ಓಎಲ್‌ಇ ಡಿಬಿ ಡ್ರೈವರ್ (ಎಕ್ಸೆಲ್ ಕಡತವನ್ನು ಬೇರೆ ಪ್ರೋಗ್ರಾಂಗೆ ಓದಿಕೊಡುವ ಮೈಕ್ರೋಸಾಫ್ಟ್ ಸೇತುವೆ) ಮೂಲಕ ಓದುತ್ತಿದ್ದೀರಿ ಎಂದು ಊಹಿಸುತ್ತೇನೆ. ಅದು ಡೀಫಾಲ್ಟ್ ಆಗಿ ಮೊದಲ 8 ಸಾಲು ನೋಡಿ ಕಾಲಂನ ಜಾತಿ ನಿರ್ಧರಿಸುತ್ತದೆ. ಅವೆಲ್ಲ ಸಂಖ್ಯೆಗಳಾಗಿದ್ದು, ಒಂಬತ್ತನೆಯದು ‘457-ಬಿ’ ಎಂದಿದ್ದರೆ ಅದನ್ನು ಓದದೆ ನಲ್, ಅಂದರೆ ಮೌಲ್ಯವೇ ಇಲ್ಲದ ಖಾಲಿ, ಮಾಡುತ್ತದೆ. ಇಡೀ ಕಾಲಮನ್ನು ನಿಜವಾದ ಪಠ್ಯವಾಗಿ ಪರಿವರ್ತಿಸಿ. ಬರೀ ಫಾರ್ಮ್ಯಾಟ್ ಬದಲಿಸಿದರೆ ಸಾಲದು.

ವರ್ಡ್ ಮೇಲ್ ಮರ್ಜ್‌ನಲ್ಲಿ 12.6% ಬದಲು 0.12559999999999999 ಬರ್ತಿದೆ.

ಮೇಲ್ ಮರ್ಜ್ ಕೂಡ ಒಳಗಿನ ಮೌಲ್ಯ ಓದುವ ಪಂಗಡ. ಪಕ್ಕದಲ್ಲಿ ಟೆಕ್ಸ್ಟ್ ಫಂಕ್ಷನ್‌ನ ಕಾಲಂ ಒಂದನ್ನು "0.0%" ಮಾದರಿಯಲ್ಲಿ ಮಾಡಿ, ಪತ್ರದಲ್ಲಿ ಆ ಕಾಲಮನ್ನೇ ಬಳಸಿ.

ಪ್ರತಿ ತಿಂಗಳು ಇದೇ ಎಕ್ಸ್‌ಪೋರ್ಟ್. ಪ್ರತಿ ಸಲ ಫಾರ್ಮ್ಯಾಟ್ ಸರಿ ಮಾಡ್ತಾ ಕೂರಬೇಕಾ?

ಬೇಡ. ಜನ ನೋಡುವ ಶೀಟನ್ನು ಅವರಿಗೆ ಬೇಕಾದ ಹಾಗೆ ಅಲಂಕರಿಸಿಕೊಳ್ಳಲಿ, ಅದನ್ನು ಎಕ್ಸ್‌ಪೋರ್ಟ್ ಮಾಡಲೇಬೇಡಿ. ಅದೇ ವರ್ಕ್‌ಬುಕ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಎರಡನೇ ಶೀಟ್ ಇಡಿ. ಅದರ ಪ್ರತಿ ಕಾಲಂ ಮೊದಲ ಶೀಟಿನಿಂದ ಫಾರ್ಮುಲಾ ಮೂಲಕ ಎಳೆದುಕೊಂಡದ್ದಾಗಿರಲಿ: ಕೋಡ್‌ಗಳು ಟೆಕ್ಸ್ಟ್ ಫಂಕ್ಷನ್‌ನಲ್ಲಿ, ದಿನಾಂಕಗಳು ವರ್ಷ-ತಿಂಗಳು-ದಿನದ ಪಠ್ಯವಾಗಿ, ಮೊತ್ತಗಳು ರೌಂಡ್ ಆಗಿ ಕಾಮಾ ಇಲ್ಲದೆ, ವಿಳಾಸಗಳು ಸಬ್‌ಸ್ಟಿಟ್ಯೂಟ್ ದಾಟಿ. ಬಣ್ಣ, ಮರ್ಜ್, ಬಾರ್ಡರ್ ಒಂದೂ ಬೇಡ. ಹೆಡರ್ ಒಂದೇ ಸಾಲು.

ಕಳಿಸುವ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲು, ಕೊನೆಯ ಸಾಲು, ಮತ್ತು ನಡುವೆ ನಿಮಗೆ ಗೊತ್ತಿರುವ ಒಂದು ತಕರಾರಿನ ಸಾಲು, ಅಂದರೆ ಸೊನ್ನೆಯಿಂದ ಶುರುವಾಗುವ ಕೋಡೋ 12ಕ್ಕಿಂತ ಸಣ್ಣ ದಿನವಿರುವ ದಿನಾಂಕವೋ ಇರುವಂಥದ್ದು, ಇಷ್ಟನ್ನು ನೋಡಿ.

ಸಿಎಸ್‌ವಿ ಸಹವಾಸವೇ ಬೇಡ, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲನ್ನೇ ಕಳಿಸಿದ್ರೆ ಆಗಲ್ವಾ?

ಆ ಕಡೆಯವರು ಒಪ್ಪಿದರೆ ಖಂಡಿತ ಕಳಿಸಿ. ಮೌಲ್ಯ ಮತ್ತು ಫಾರ್ಮ್ಯಾಟ್ ಎರಡೂ ಹೋಗುತ್ತವೆ, ಎನ್‌ಕೋಡಿಂಗ್ ತಲೆನೋವಿಲ್ಲ, ತೆರೆದ ಕೂಡಲೇ ಊಹೆ ಮಾಡಿ ಬದಲಿಸುವುದೂ ಇಲ್ಲ. ಒಂದು ಶೀಟಿಗೆ 10,48,576 ಸಾಲುಗಳ ಮಿತಿ ಇದೆ. ಹಳೆಯ ಎಕ್ಸ್‌ಎಲ್‌ಎಸ್ ಆದರೆ ಬರೀ 65,536, ಅದನ್ನು ಮಾತ್ರ ಬಳಸಬೇಡಿ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕೋವಿಡ್ ಪಟ್ಟಿಯಿಂದ 15,841 ಪ್ರಕರಣಗಳು ವರದಿಯಾಗದೆ ಉಳಿದದ್ದು, ಲ್ಯಾಬ್‌ಗಳಿಂದ ಬಂದ ಸಿಎಸ್‌ವಿಯನ್ನು ಆ ಹಳೆಯ ರೂಪಕ್ಕೆ ಹಾಕುವಾಗ ಸಾಲುಗಳು ಮಿತಿ ದಾಟಿದ್ದರಿಂದ.